ಪುಟ್ಟಬಸಮ್ಮನವರ ಸೋಮವಾರದ ಗೀಟು

ಈ ವರ್ಷ ನಮ್ಮ ಅತ್ತೆ ತಮ್ಮನ್ನು ತಾವೇ ಅಟ್ಟಕ್ಕೆ ಏರಿಸಿಕೊಳ್ಳಲು ಹೊರಟಿದ್ದರು. ಅಟ್ಟ ಎಂದರೆ ನಿಜವಾದ ಅಟ್ಟವಲ್ಲ, ಅಜ್ಜೀಪುರದಲ್ಲಿರುವ ಅವರ ತಮ್ಮನ ಮನೆ. ಬಟ್ಟೆಯ ಗಂಟು ಕಟ್ಟಿ, ತಮ್ಮನಿಗೆ ಫೋನು ಮಾಡಿಸಿ, ಈ ಮನೆಯ ಋಣ ತೀರಿತು ಎಂದು ತೀರ್ಮಾನ ಮಾಡಿಕೊಂಡು ಕೂತಿದ್ದರು. ಅವರನ್ನು ಯಾರೂ ಹೋಗಿ ಎಂದಿರಲಿಲ್ಲ. ಜಗಳವಾದರೂ ಆಗಿದ್ದರೆ ನಾಲ್ಕು ಜನ ಸೇರಿ ರಾಜಿ ಮಾಡಬಹುದಿತ್ತು. ಇವರು ತಾವೇ ಮಾಡಿದ ಒಂದು ನಿಯಮಕ್ಕೆ ತಾವೇ ತಲೆ ಕೊಟ್ಟಿದ್ದರು. ಆ ನಿಯಮ ಏನೆಂದು ಹೇಳಬೇಕಾದರೆ ನಮ್ಮ ಅಂಗಡಿಯಿಂದಲೇ ಶುರು ಮಾಡಬೇಕು.

ಅತ್ತೆಯ ಹೆಸರು ಪುಟ್ಟಬಸಮ್ಮ. ಮಾಂಬಳ್ಳಿಯಲ್ಲಿ ನಮ್ಮದು ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿ. ಮದುವೆ, ನಾಮಕರಣ, ಗೃಹಪ್ರವೇಶ, ತಿಥಿ, ಏನೇ ಇರಲಿ, ಅಡುಗೆಯ ದೊಡ್ಡ ಕೊಳದಪ್ಪಲೆ, ಬೋಸಿ, ಬಾಂಡ್ಲಿ, ಸೌಟು ಎಲ್ಲ ನಮ್ಮಲ್ಲಿಂದಲೇ ಹೋಗಬೇಕು. ಹಾಗೆಂದು ದೊಡ್ಡ ಅಂಗಡಿ ಎಂದುಕೊಳ್ಳಬೇಡಿ. ಮನೆಯ ಮುಂಭಾಗವೇ ಅಂಗಡಿ. ಅಂಗಡಿಗೂ ನಡುಮನೆಗೂ ನಡುವೆ ಒಂದು ಹೊಸ್ತಿಲು ಮಾತ್ರ. ನೆಲದ ಮೇಲೆ ಜಾಗ ಸಾಲುವುದಿಲ್ಲ, ಅದಕ್ಕೇ ಮೇಲೆ ಅಟ್ಟ. ಅಟ್ಟಕ್ಕೆ ಏಣಿ ಹಾಕಬೇಕು, ಒಬ್ಬರು ಮೇಲೆ ಹತ್ತಿ ಕೊಡಬೇಕು, ಇನ್ನೊಬ್ಬರು ಕೆಳಗೆ ನಿಂತು ಹಿಡಿಯಬೇಕು. ಏರಿಸಿದ್ದನ್ನು ಹುಡುಕಿ ಇಳಿಸುವಷ್ಟರಲ್ಲಿ ಅರ್ಧ ಬೆಳಗು ಹೋಗಿರುತ್ತದೆ. ಹಾಗಾಗಿ ಯಾವುದು ಕೆಳಗಿರಬೇಕು, ಯಾವುದು ಮೇಲೆ ಹೋಗಬೇಕು ಎನ್ನುವುದೇ ನಮ್ಮ ಅಂಗಡಿಯ ದೊಡ್ಡ ತಲೆನೋವು.

ಈ ತಲೆನೋವಿಗೆ ಅತ್ತೆಯ ಔಷಧಿ ವಿಭೂತಿ. ಸೋಮವಾರ ಬೆಳಗ್ಗೆ ಲಿಂಗಪೂಜೆ ಮುಗಿಸಿ, ವಿಭೂತಿಯನ್ನು ಒಂದು ಬಟ್ಟಲಲ್ಲಿ ನೀರು ಹಾಕಿ ಕಲಸಿ, ಅಂಗಡಿಯಲ್ಲಿರುವ ಒಂದೊಂದು ಪಾತ್ರೆಗೂ ಬೆರಳಲ್ಲಿ ಒಂದು ಗೀಟು ಎಳೆಯುತ್ತಾರೆ. ಅನ್ನ ಕೊಡುವ ಸಾಮಾನಿಗೆ ವಾರಕ್ಕೊಂದು ಪೂಜೆ, ಅದರ ಮೂಲ ಅಷ್ಟೇ. ಪಾತ್ರೆ ಬಾಡಿಗೆಗೆ ಹೋಗಿ, ಒಲೆ ಕಂಡು, ಉಜ್ಜಿಸಿಕೊಂಡು ಬಂದರೆ ಗೀಟು ಅಳಿದಿರುತ್ತದೆ. ಮುಂದಿನ ಸೋಮವಾರ ಅತ್ತೆ ಸುತ್ತು ಬರುವಾಗ, ಗೀಟು ಅಳಿದ ಪಾತ್ರೆಗೆ ಹೊಸ ಗೀಟು ಬೀಳುತ್ತದೆ. ಅದು ಇನ್ನೂ ಒಂದು ವಾರ ಕೆಳಗೆ. ಹೋದ ವಾರದ ಗೀಟು ಹಾಗೇ ಉಳಿದಿದ್ದರೆ, ಅದನ್ನು ಯಾರೂ ಕೇಳಲಿಲ್ಲ ಎಂದರ್ಥ. "ಇದ ಮ್ಯಾಲಕ್ ಆಕ್ಲಾ" ಎಂದು ಮಗನಿಗೆ ಹೇಳಿ ಮುಂದಿನ ಪಾತ್ರೆಗೆ ಹೋಗುತ್ತಾರೆ. ಅದರಲ್ಲಿ ಚರ್ಚೆ ಇಲ್ಲ.

ನಾನು ಪವಿತ್ರ, ಈ ಮನೆಯ ಸೊಸೆ. ಕೊಳ್ಳೇಗಾಲದ ಒಂದು ಕಾಲೇಜಿನಲ್ಲಿ ಬಿಸಿಎ ಮಕ್ಕಳಿಗೆ ಆಪರೇಟಿಂಗ್ ಸಿಸ್ಟಮ್ ಪಾಠ ಮಾಡುತ್ತೇನೆ. ಮದುವೆಯಾಗಿ ಬಂದ ಮೊದಲ ಸೋಮವಾರ ಉಪ್ಪಿಟ್ಟಿನ ತಟ್ಟೆ ಹಿಡಿದು ಹೊಸ್ತಿಲಲ್ಲಿ ನಿಂತು ಅತ್ತೆಯ ಈ ಸುತ್ತನ್ನು ನೋಡಿದೆ, ನೋಡಿ ಜೋರಾಗಿ ನಕ್ಕುಬಿಟ್ಟೆ. ಹೊಸ ಸೊಸೆ ಹಾಗೆ ನಗಬಾರದು, ಗೊತ್ತು. ಆದರೆ ಅದಕ್ಕೆ ಎರಡು ದಿನ ಮುಂಚೆ ಕ್ಲಾಸಿನಲ್ಲಿ ನಾನು ಬಾಯಿ ನೋಯುವಷ್ಟು ವಿವರಿಸಿ, ಒಬ್ಬರಿಗೂ ಅರ್ಥವಾಗದೆ ಬೋರ್ಡು ಒರೆಸಿ ಬಂದ ಪಾಠವನ್ನೇ ಈ ಹೆಂಗಸು ಬೆರಳ ತುದಿಯಲ್ಲಿ ಮಾಡುತ್ತಿದ್ದರು.

ಆ ಪಾಠ ಇಷ್ಟು. ಕಂಪ್ಯೂಟರಿನಲ್ಲಿ ಕೆಲಸ ನಡೆಯುವ ಜಾಗ ಮೆಮೊರಿ. ಅದು ಕೈಗೆ ಹತ್ತಿರ, ಆದರೆ ಕಿರಿದು. ಡಿಸ್ಕು ವಿಶಾಲ, ಆದರೆ ಅಲ್ಲಿಂದ ಏನನ್ನಾದರೂ ತರುವುದು ನಿಧಾನ. ಮೆಮೊರಿಯನ್ನು ಒಂದೇ ಅಳತೆಯ ಪುಟಗಳಾಗಿ ಭಾಗ ಮಾಡಿಕೊಂಡು, ಯಾವ ಪುಟ ಇಲ್ಲಿರಲಿ, ಯಾವುದು ಡಿಸ್ಕಿಗೆ ಹೋಗಲಿ ಎಂದು ನೋಡಿಕೊಳ್ಳುವ ಯಜಮಾನಿಕೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್ ಎಂಬ ಪ್ರೋಗ್ರಾಂನದು. ನಾಳೆ ಯಾವ ಪುಟ ಬೇಕಾಗುತ್ತದೆಂದು ಗೊತ್ತಿದ್ದರೆ ಕಷ್ಟವೇ ಇರಲಿಲ್ಲ. ನಾಳೆಯದು ಕರ್ನಲ್‌ಗೂ ಗೊತ್ತಿಲ್ಲ, ಅದಕ್ಕೇ ಇತ್ತೀಚೆಗೆ ಏನಾಯಿತೆಂದು ನೋಡಿ ಊಹಿಸುತ್ತದೆ. ಪ್ರತಿ ಪುಟಕ್ಕೂ ಒಂದು ಗುರುತು. ಪುಟವನ್ನು ಯಾರಾದರೂ ಮುಟ್ಟಿದರೆ ಆ ಗುರುತು ತಾನಾಗಿ ಬದಲಾಗುತ್ತದೆ. ಜಾಗ ಕಡಿಮೆಯಾದಾಗ ಕರ್ನಲ್ ಸುತ್ತು ಹೊರಡುತ್ತದೆ. ಮುಟ್ಟಿದ ಪುಟ ಸಿಕ್ಕರೆ ಗುರುತನ್ನು ಮೊದಲಿನ ಹಾಗೆ ಮಾಡಿ, ಇನ್ನೊಂದು ಅವಕಾಶ ಕೊಟ್ಟು ಮುಂದೆ ಹೋಗುತ್ತದೆ. ಮತ್ತೆ ಸುತ್ತಿ ಬಂದಾಗಲೂ ಅದನ್ನು ಯಾರೂ ಮುಟ್ಟಿಲ್ಲ ಎಂದರೆ ಡಿಸ್ಕಿಗೆ ಕಳಿಸುತ್ತದೆ. ಹೀಗೆ ಹೊರಗೆ ಕಳಿಸುವುದಕ್ಕೆ ಸ್ವಾಪ್ ಎನ್ನುತ್ತೇವೆ.

ಹಾಗೆಂದು ನಮ್ಮ ಅತ್ತೆಯೇ ಕಂಪ್ಯೂಟರ್ ಕಂಡುಹಿಡಿದರು ಎಂದು ದಯವಿಟ್ಟು ವಾಟ್ಸಾಪಿನಲ್ಲಿ ಕಳಿಸಬೇಡಿ. ಜಾಗ ಕಿರಿದಾಗಿ ಸಾಮಾನು ಹೆಚ್ಚಾದರೆ ಯಾರಿಗಾದರೂ ಇಂಥದ್ದೊಂದು ಹೊಳೆಯುತ್ತದೆ. ಆದರೆ ನನ್ನ ಪಾಠಕ್ಕೆ ಅತ್ತೆಯಿಂದ ಆದ ಉಪಕಾರ ಮಾತ್ರ ಸಣ್ಣದಲ್ಲ. ಹನೂರು, ಲೊಕ್ಕನಹಳ್ಳಿ ಕಡೆಯಿಂದ ಬಸ್ಸು ಹಿಡಿದು ಬರುವ ನನ್ನ ಮಕ್ಕಳಿಗೆ ಅಂದಿನಿಂದ ಕರ್ನಲ್ ಎಂದರೆ ಪುಟ್ಟಬಸಮ್ಮ. ಬದಲಾವಣೆಯಾದ ಪುಟವನ್ನು ಡಿಸ್ಕಿಗೆ ಬರೆಯದೆ ಹೊರಗೆ ಹಾಕುವ ಹಾಗಿಲ್ಲ ಎನ್ನುವುದನ್ನು ಹೇಗೆ ಹೇಳಲಿ ಎಂದು ನಾನು ತಡಕಾಡುತ್ತಿದ್ದರೆ, ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಮಿಸ್, ಮುಸುರೆ ಪಾತ್ರೇನ ತೊಳೀದೆ ಅಟ್ಟಕ್ಕೆ ಆಕ್ಬಾರ್ದು, ಅಲ್ವಾ?" ಎಂದಳು. ಅದಕ್ಕಿಂತ ಚೆನ್ನಾಗಿ ನಾನು ಇವತ್ತಿಗೂ ಹೇಳಿಲ್ಲ.

ಆ ದಿನ ಮನೆಗೆ ಬಂದು ಅತ್ತೆಗೆ ಇದನ್ನು ಹೇಳಿದಾಗ ಅವರು ನಗಲಿಲ್ಲ. "ಮಿಸೀನ್ಗೂ ಜಾಗ ಸಾಲಲ್ವಾ? ಪಾಪ" ಎಂದರು. ಅಂದಿನಿಂದ ನಾನು ಬಸ್ಸಿಳಿದು ಬಂದರೆ ಕಾಫಿ ಲೋಟ ಕೈಗಿಟ್ಟು, ಇವತ್ತು ಮಿಷಿನ್ನು ಏನು ಮಾಡಿತು ಎಂದು ಕೇಳುವುದು ಅವರಿಗೆ ರೂಢಿಯಾಯಿತು. ನನ್ನ ಸ್ವಂತ ತಾಯಿ ನನ್ನನ್ನು ಯಾವತ್ತೂ ಹಾಗೆ ಕೇಳಿರಲಿಲ್ಲ. ಕ್ಲಾಸಿನಲ್ಲಿ ಏನಾದರೂ ಸ್ವಾರಸ್ಯ ನಡೆದರೆ, ಅತ್ತೆಗೆ ಹೇಳಬೇಕು ಎಂದು ಬಸ್ಸಿನಲ್ಲೇ ಮಾತು ಜೋಡಿಸಿಕೊಂಡು ಬರುತ್ತಿದ್ದೆ.

ಅವರ ನಿಯಮ ಎಷ್ಟು ಕಟ್ಟುನಿಟ್ಟು ಎನ್ನುವುದಕ್ಕೆ ಒಂದು ಮಾತು ಹೇಳಬೇಕು. ಮಾವ ಶಿವರುದ್ರಸ್ವಾಮಿಯವರು ಕೂರುತ್ತಿದ್ದದ್ದು ಅಂಗಡಿ ಬಾಗಿಲ ಪಕ್ಕದ ಬೆತ್ತದ ಕುರ್ಚಿಯಲ್ಲಿ. ಅವರು ಲಿಂಗೈಕ್ಯರಾದ ಮೇಲೆ ಆ ಕುರ್ಚಿಯಲ್ಲಿ ಯಾರೂ ಕೂರಲಿಲ್ಲ. ಒಂದು ಸೋಮವಾರ ಅತ್ತೆ ಅದಕ್ಕೂ ಗೀಟು ಎಳೆದರು. ಮುಂದಿನ ಸೋಮವಾರ ಗೀಟು ಹಾಗೇ ಇತ್ತು. ಎಲ್ಲರೆದುರು ಗೊಳೋ ಎಂದು ಅತ್ತು, ಅಳುತ್ತಲೇ ಕುರ್ಚಿಯನ್ನು ಮಗನ ಕೈಗೆ ಕೊಟ್ಟು ಅಟ್ಟಕ್ಕೆ ಏರಿಸಿದರಂತೆ. ಇದೆಂಥ ಕಲ್ಲು ಮನಸ್ಸು ಎಂದು ಊರಿನವರು ಆಡಿಕೊಂಡರು. ನನಗೆ ಮಾತ್ರ ಅವರು ಹೇಳಿದ್ದು ಬೇರೆ. "ಬಿಸಾಕ್ನಿಲ್ಲ ಕಣವ್ವ, ಮ್ಯಾಲದೆ. ಬೇಕು ಅಂದಾಗ ಇಳುಸ್ಕಬೋದು. ಕೆಳುಗಡೆ ಇದ್ರೆ ದಿನಾ ಕಾಲಿಗೆ ಎಡುವ್ತದೆ, ದಿನಾ ಅಳ್ಬೇಕು." ಅದನ್ನು ಹೇಳುವಾಗಲೂ ಅವರ ಕಣ್ಣು ತುಂಬಿತ್ತು.

ಈ ವರ್ಷ ಮದುವೆ ಕಾಲ ಶುರುವಾಗುವ ಮುಂಚೆ, ಪಾತ್ರೆ ತೊಳೆಯುವ ಕಲ್ಲಿನ ಮೇಲೆ ಅತ್ತೆ ಜಾರಿ ಬಿದ್ದರು. ತೊಡೆಯ ಮೂಳೆ ಮುರಿಯಿತು. ಮೈಸೂರಿನಲ್ಲಿ ಆಪರೇಷನ್ ಆಗಿ, ಒಳಗೆ ರಾಡು ಹಾಕಿಸಿಕೊಂಡು ಬಂದು ನಡುಮನೆಯ ಮಂಚ ಹಿಡಿದರು. ಅಲ್ಲಿಂದ ಅಂಗಡಿ ಕಾಣುತ್ತದೆ. ಹೊಸ್ತಿಲ ಪಕ್ಕದಲ್ಲಿ ಅವರ ಹಲಸಿನ ಮಣೆಯೂ ಕಾಣುತ್ತದೆ. ಬಾಡಿಗೆಗೆ ಹೋಗಿ ಬಂದ ಪಾತ್ರೆಗಳನ್ನು ಆ ಮಣೆಯ ಮೇಲೆ ಕೂತು, ಬೆರಳ ಗೆಣ್ಣಿನಿಂದ ತಟ್ಟಿ, ಎಲ್ಲಿ ನಗ್ಗಿದೆ, ಎಲ್ಲಿ ಬಿರುಕು ಬಿಟ್ಟಿದೆ ಎಂದು ಸದ್ದಿನಲ್ಲೇ ಹೇಳುವುದು ಅವರ ಕೆಲಸವಾಗಿತ್ತು.

ಅಂಗಡಿ ನಮ್ಮವರ ಕೈಗೆ ಬಂತು. ನಮ್ಮವರು ಎಂದರೆ ಮಹದೇವಪ್ರಸಾದ್, ನನ್ನ ಗಂಡ. ಬಹಳ ಒಳ್ಳೆಯ ಮನುಷ್ಯ. ಅವರಿಗೆ ಕೋಪ ಬಂದದ್ದನ್ನು ನಾನು ಕಂಡಿಲ್ಲ, ಮನೆಗೆ ಬೇಕಾದ ಕೋಪ ನನ್ನಲ್ಲೇ ಇದೆ. ಆದರೆ ಅವ್ವ ಏರಿಸು ಎಂದರೆ ಏರಿಸಿ, ಇಳಿಸು ಎಂದರೆ ಇಳಿಸಿ ಬೆಳೆದವರು. ಯಾಕೆ ಎಂದು ಒಮ್ಮೆಯೂ ಕೇಳಿದವರಲ್ಲ. ಮದುವೆಗಳು ಒಂದರ ಮೇಲೊಂದು ಬಂದಾಗ ಅವರು ಮಾಡಿದ್ದು ಇದು: ಇವತ್ತಿನ ಮದುವೆಗೆ ಜಾಗ ಬೇಕೆಂದು ಬೋಸಿಗಳನ್ನು ಅಟ್ಟಕ್ಕೆ ಏರಿಸಿದರು. ಮಾರನೆಯ ಬೆಳಗ್ಗೆ ಬೋಸಿ ಬೇಕೆಂದು ಯಾರೋ ಬಂದರು, ಅದನ್ನು ಇಳಿಸಲು ಬಾಂಡ್ಲಿಗಳನ್ನು ಏರಿಸಿದರು. ಮಧ್ಯಾಹ್ನ ಬಾಂಡ್ಲಿಯೇ ಬೇಕಾಯಿತು. ಲೊಕ್ಕನಹಳ್ಳಿಯ ಹನುಮಯ್ಯ ಎಂಬುವರು ಮೊಮ್ಮಗಳ ನಾಮಕರಣಕ್ಕೆ ಗಾಡಿ ತಂದು ನಿಲ್ಲಿಸಿಕೊಂಡು ಬಹಳ ಹೊತ್ತು ಕಾದರು. "ಯಾಕ್ ಸಾ, ಏಣಿ ಮ್ಯಾಲೇ ಮನೆ ಮಾಡಿದ್ದೀರಾ?" ಎಂದು ಕೇಳಿಯೂಬಿಟ್ಟರು.

ಕಂಪ್ಯೂಟರಿಗೂ ಈ ರೋಗ ಬರುತ್ತದೆ. ಈಗ ಕಳಿಸಿದ ಪುಟವೇ ಮರುಕ್ಷಣ ಬೇಕಾಗಿ, ಅದನ್ನು ತರಲು ಇನ್ನೊಂದನ್ನು ಕಳಿಸಿ, ಅದೂ ಬೇಕಾಗಿ, ಕಡೆಗೆ ಮಿಷಿನ್ನು ಪುಟ ಹೊರುವುದರಲ್ಲೇ ಮುಳುಗಿ, ಮಾಡಬೇಕಾದ ಕೆಲಸ ನಿಂತೇ ಹೋಗುತ್ತದೆ. ನನ್ನ ಗಂಡ ಬೆವರು ಒರೆಸಿಕೊಳ್ಳುತ್ತಾ ಏಣಿಯ ಮೇಲೆ ನಿಂತಿರುವಾಗ ಅತ್ತೆ ಮಂಚದಿಂದ, "ಪ್ರಸಾದ, ಎಡಗಡೆ ಮೂಲೆ ಕಣ್ಲಾ, ಹಂಡೆ ಹಿಂದಕ್ಕೆ" ಎಂದು ಕೂಗಿ ಹೇಳುತ್ತಿದ್ದರು. ಆಮೇಲೆ ಆಮೇಲೆ ಆ ಕೂಗು ಕಡಿಮೆಯಾಯಿತು. ನಾನು ಕಾಲೇಜಿನಿಂದ ಬಂದಾಗ ಮಿಷಿನ್ನು ಏನು ಮಾಡಿತು ಎಂದು ಕೇಳುವುದೂ ನಿಂತಿತು. ಗೋಡೆ ಕಡೆ ತಿರುಗಿ ಮಲಗಿರುತ್ತಿದ್ದರು. ನೋವಿರಬೇಕು ಎಂದುಕೊಂಡೆ.

ಸೋಮವಾರದ ಗೀಟನ್ನು ನಮ್ಮವರು ತಪ್ಪಿಸಲಿಲ್ಲ. ಅವ್ವನಿಗೆ ಸಮಾಧಾನವಾಗಲಿ ಎಂದು ಸ್ನಾನ ಮಾಡಿ, ಹಣೆತುಂಬ ವಿಭೂತಿ ಧರಿಸಿ, ಭಕ್ತಿಯಿಂದ ಸುತ್ತು ಬರುತ್ತಿದ್ದರು. ಒಂದು ಸೋಮವಾರ ಆ ಭಕ್ತಿ ಸ್ವಲ್ಪ ಜಾಸ್ತಿಯಾಯಿತು. ಪಾತ್ರೆಗಳೆಲ್ಲ ಮುಗಿದ ಮೇಲೆ ಬೆರಳಲ್ಲಿ ಇನ್ನೂ ವಿಭೂತಿ ಇತ್ತು. ಹೊಸ್ತಿಲ ಪಕ್ಕದ ಮಣೆಗೂ, ಅವ್ವ ಕೂರುವ ಮಣೆಯಲ್ಲವೇ ಎಂದು, ಒಂದು ಗೀಟು ಎಳೆದರು. ಆಮೇಲೆ ಕೈ ಮುಗಿದರು. ಮಂಚದ ಮೇಲಿಂದ ಅತ್ತೆ ಅದನ್ನು ನೋಡಿದರು.

ಮುಂದಿನ ಸೋಮವಾರ ಬೆಳಗ್ಗೆ ನಾನು ಬಸ್ಸಿಗೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದೆ. ಮನೆ ಮುಂದೆ ಓಮ್ನಿ ಬಂದು ನಿಂತಿತು. ಇಳಿದವರು ಅಜ್ಜೀಪುರದ ಕೆಂಪನಂಜಪ್ಪ, ಅತ್ತೆಯ ತಮ್ಮ. ಒಳಗೆ ಬಂದು ನೋಡಿದರೆ ಅತ್ತೆ ಎದ್ದು ಕೂತಿದ್ದಾರೆ, ತಲೆ ಬಾಚಿದೆ, ಕಾಲ ಬಳಿ ಬಟ್ಟೆಯ ಗಂಟು.

"ಅಕ್ಕಯ್ಯ ಬತ್ತೀನಿ ಅಂದ್ಲು, ಕರ್ಕಂಡು ಓಗಾನ ಅಂತ ಬಂದೆ" ಎಂದರು ಕೆಂಪನಂಜಪ್ಪ. ಅವರಿಗೂ ಏನೂ ಗೊತ್ತಿರಲಿಲ್ಲ ಪಾಪ. ಅಕ್ಕನ ಕಾಲ ಬಳಿಯಿದ್ದ ಗಂಟನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತರು.

"ಎಷ್ಟು ದಿನಕ್ಕೆ ಅತ್ತೆ?" ಎಂದು ಕೇಳಿದೆ.

"ದಿನಕ್ಕಲ್ಲ ಕಣವ್ವ. ಓಯ್ತೀನಿ." ಹೊಸ್ತಿಲ ಕಡೆ ಕೈ ತೋರಿಸಿದರು. "ಅಲ್ ನೋಡು. ಓದ್ ಸ್ವಾಮಾರದ್ ಗೀಟು ಅಂಗೇ ಅದೆ."

ನೋಡಿದೆ. ಮಣೆಯ ಮೇಲೆ ವಿಭೂತಿ ಒಣಗಿ ಬೆಳ್ಳಗೆ ಕೂತಿತ್ತು. ನನಗೆ ಒಂದು ಕ್ಷಣ ಏನೂ ತಿಳಿಯಲಿಲ್ಲ, ಆಮೇಲೆ ಹೊಳೆಯಿತು: ಆ ಗೀಟನ್ನು ಅವರು ತಮಗೇ ಎಳೆದದ್ದೆಂದು ಲೆಕ್ಕ ಹಾಕಿದ್ದರು.

"ಅದು ನಾನು ಸುಮ್ಕೆ ಪೂಜೆಗೆ ಅಂತ ಎಳ್ದಿದ್ದವ್ವ" ಎಂದು ನಮ್ಮವರು ತೊದಲಿದರು.

"ಪೂಜೆಗೋ ಯಾಕೋ, ಎಳ್ದೆ. ವಾರ ಆಯ್ತು, ಯಾರ್ಗೂ ಆ ಮಣೆ ಬೇಕಾಗ್ನಿಲ್ಲ. ನಿಮ್ಮಪ್ಪನ್ ಕುರ್ಚಿಗೆ ಒಂದು ನ್ಯಾಯ, ನನಗೊಂದು ನ್ಯಾಯನಾ? ಈ ಮಂಚ ತಗುದ್ರೆ ಕೊಳದಪ್ಪಲೆ ಇಡಾಕಾದ್ರೂ ಜಾಗ ಆಯ್ತದೆ. ನಾನೇನ್ ಸಾಯಾಕ್ ಓಯ್ತಿಲ್ಲ. ಕೆಂಪನ್ ಮನೇಲಿರ್ತೀನಿ. ಬೇಕು ಅಂದಾಗ ಕರ್ಕಳ್ಳಿ."

ನನಗೆ ಸಿಟ್ಟು ನೆತ್ತಿಗೇರಿತು. ಬ್ಯಾಗು ಕೆಳಗೆ ಬಿಸಾಡಿ ಮಂಚದ ಮೇಲೆ ಅವರ ಎದುರಿಗೇ ಕೂತೆ. ಕಾಲೇಜಿನ ಬಸ್ಸು ಹಾರ್ನು ಹೊಡೆದುಕೊಂಡು ಹೋಯಿತು, ಹೋಗಲಿ ಎಂದು ಬಿಟ್ಟೆ.

"ಇಷ್ಟು ವರ್ಷ ಸುತ್ತು ಬಂದಿದ್ದೀರಲ್ಲ, ನೀವು ಯಾವತ್ತಾದ್ರೂ ಆ ಮಣೆಗೆ ಗೀಟು ಎಳ್ದಿದ್ರಾ?"

"ಇಲ್ಲ."

"ನಮ್ಮ ಕರ್ನಲ್ಲೂ ಅಷ್ಟೇ ಅತ್ತೆ. ಎಲ್ಲಾ ಪುಟಾನೂ ಹೊರಗೆ ಹಾಕ್ತದೆ, ತನ್ನ ಪುಟ ಮಾತ್ರ ಹಾಕಲ್ಲ. ಯಾಕೆ ಹೇಳಿ? ಏರಿಸಿದ್ದನ್ನ ಇಳಿಸೋದು ಗೊತ್ತಿರೋದು ಅದಕ್ಕೊಂದಕ್ಕೇ. ಅದೇ ಹೋಗಿ ಅಟ್ಟದ ಮೇಲೆ ಕೂತ್ರೆ, ಅದನ್ನ ಇಳಿಸೋರು ಯಾರು?"

ಅತ್ತೆ ಯೋಚನೆ ಮಾಡಿದರು. ಬಹಳ ದಿನಗಳ ಮೇಲೆ ಅವರ ಮುಖದಲ್ಲಿ ಆ ಹಳೆಯ ಕುತೂಹಲ ಬಂದದ್ದನ್ನು ನೋಡಿ, ಗೆದ್ದೆ ಎಂದುಕೊಂಡೆ. ಆದರೆ ಅವರು ತಲೆಯಾಡಿಸಿದರು.

"ಸರಿಯಾಗೇ ಏಳ್ತೀಯ. ಆದ್ರೆ ಎಲ್ಲೆಲ್ಲಿ ಏನದೆ ಅಂತ ಪ್ರಸಾದಂಗೆ ಏಳ್ಕೊಟ್ರೆ ಅವ್ನೂ ಕಲ್ತ್ಕತಾನೆ. ಆಮ್ಯಾಕೆ? ಕೆಲ್ಸಕ್ಕೆ ಅಂತ ಇಟ್ಕಂಡ್ರೆ, ಕೆಲ್ಸ ತೀರುದ್ ಮ್ಯಾಲೆ ನಾನು ಯಾವ್ದುಕ್ಕವ್ವ?"

ಅವರು ಕೇಳಿದ್ದೇ ಸರಿ, ನಾನೇ ತಪ್ಪು ಲೆಕ್ಕ ಹೇಳುತ್ತಿದ್ದೆ. ಅಟ್ಟದ ಮೂಲೆಗಳನ್ನು ಬಲ್ಲರು ಎನ್ನುವ ಕಾರಣಕ್ಕೆ ಇವರು ನನಗೆ ಬೇಕಾಗಿರಲಿಲ್ಲ. ಇವರು ಕೇಳುತ್ತಾರೆ ಎಂದು ನಾನು ದಿನವೆಲ್ಲ ಮಾತು ಕೂಡಿಟ್ಟುಕೊಂಡು ಬರುತ್ತೇನೆ, ಇವರು ಗೋಡೆ ಕಡೆ ತಿರುಗಿ ಮಲಗಿದ ದಿನದಿಂದ ನನಗೆ ಈ ಮನೆಯೇ ಬಿಕೋ ಎನ್ನುತ್ತಿದೆ. ಇದನ್ನು ಹೇಗೆ ಹೇಳುವುದು? ನನಗೆ ಬರುವುದು ಒಂದೇ ಪಾಠ.

"ಇನ್ನೊಂದು ಅದೆ ಅತ್ತೆ" ಎಂದೆ. "ಯಾವುದಾದ್ರೂ ಪ್ರೋಗ್ರಾಂ ಕರ್ನಲ್‌ಗೆ ಮೊದಲೇ ಹೇಳಿಬಿಡಬಹುದು. ಈ ಪುಟ ನನ್ನದು, ಇದಕ್ಕೆ ಬೀಗ ಹಾಕಿದ್ದೀನಿ. ಕೆಲಸಕ್ಕೆ ಬರಲಿ, ಬರದೇ ಇರಲಿ, ಇದನ್ನ ಇಲ್ಲಿಂದ ಕಳಿಸೋ ಹಾಗಿಲ್ಲ ಅಂತ. ಆಗ ಕರ್ನಲ್ ಸುತ್ತು ಬಂದ್ರೂ ಆ ಪುಟಾನ ಮುಟ್ಟಲ್ಲ."

"ಗೀಟು ಇದ್ರೂನೂವಾ?"

"ಇದ್ರೂನು."

"ಯಾಕೆ ಅಂತ ಕೇಳಾಕಿಲ್ವಾ?"

"ಕೇಳಲ್ಲ."

ಅತ್ತೆ ಅಂಗಡಿಯ ಕಡೆ ಕಣ್ಣು ಹಾಯಿಸಿದರು. "ಎಲ್ಲಾರೂ ಎಲ್ಲದುಕ್ಕೂ ಬೀಗ ಆಕ್ತಾ ಓದ್ರೆ ಜಾಗ ಎಲ್ಲಿ ಉಳ್ದಾತು?"

"ಎಲ್ಲದಕ್ಕೂ ಹಾಕೋ ಹಾಗಿಲ್ಲ. ಸ್ವಲ್ಪಕ್ಕೆ ಮಾತ್ರ ಹಾಕಬಹುದು."

"ನಿನ್ ಸ್ವಲ್ಪದಲ್ಲಿ ನಾನಿವ್ನಿ ಅಂತೀಯಾ?"

"ನೀವೇ ಮೊದಲು ಅತ್ತೆ."

ಹೇಳುತ್ತಾ ಹೇಳುತ್ತಾ ನಾನು ಅತ್ತುಬಿಟ್ಟೆ. ಕ್ಲಾಸಿನಲ್ಲಿ ಗಂಟಲೆತ್ತಿದರೆ ಎರಡು ಕೋಣೆ ಆಚೆಗೆ ಕೇಳಿಸುವ ನಾನು, ಮೂಗು ಒರೆಸಿಕೊಳ್ಳಲು ಸೆರಗು ಹುಡುಕುತ್ತಾ ಕೂತಿದ್ದೆ. ಬಾಗಿಲಲ್ಲಿ ಕೆಂಪನಂಜಪ್ಪನವರು ಗಂಟು ಹಿಡಿದುಕೊಂಡೇ ನಿಂತಿದ್ದರು. ನಮ್ಮವರು ಮಣೆಯನ್ನೇ ನೋಡುತ್ತಿದ್ದರು.

"ಆ ಬೀಗ ಎಷ್ಟು ದಿನ ಇರ್ತದೆ?" ಎಂದು ಅತ್ತೆ ಕೇಳಿದರು.

"ಹಾಕಿದೋರು ಇರೋವರೆಗೂ."

ಅತ್ತೆ ಕೈ ಚಾಚಿ ನನ್ನ ತಲೆಯನ್ನು ತಮ್ಮ ಕಡೆಗೆ ಎಳೆದುಕೊಂಡರು. "ಅಂಗಾದ್ರೆ ನೀನು ಶಾನೆ ವರ್ಸ ಬದುಕ್ಬೇಕು ಕಣ್ ಮಗ" ಎಂದರು. ಆಮೇಲೆ ನನ್ನ ತಲೆಯ ಮೇಲಿಂದಲೇ ಬಾಗಿಲ ಕಡೆಗೆ ಕೂಗಿದರು: "ಲೋ ಕೆಂಪ, ಆ ಗಂಟ ಒಳಿಕ್ಕೆ ತಂದಿಡ್ಲಾ."